ಹನ್ನೆರಡರ ನಂತರ

ಚೀಟಿಯಲ್ಲಿ ಬರೆದವನು ನಾನೇ:
ರಾತ್ರಿ ಹನ್ನೆರಡರ ನಂತರ ಏನೂ ತಿನ್ನಬಾರದು.
ಕೆಳಗೆ ಎರಡು ಗೆರೆ, ಒಂದು ಸಹಿ,
ಗೊಂಡಾರ್ ಆಸ್ಪತ್ರೆಯ ನೇರಳೆ ಮೊಹರು.

ತೆವಾಬೆಚ್ ಅಮ್ಮ ಅದನ್ನು
ಬಿಳಿ ನೆಟೆಲಾದ ತುದಿಗೆ ಗಂಟು ಹಾಕಿ ಒಯ್ದಳು.
ಮೊಮ್ಮಗ ಯಿತ್ಬಾರೆಕ್ ಓದಿ ಹೇಳಿದ: ಹನ್ನೆರಡು.
ಸರಿ, ಅಂದಳು.

ನಮ್ಮಲ್ಲಿ ಹೊತ್ತು ಹುಟ್ಟುವುದು ಸೂರ್ಯನ ಜೊತೆ.
ಬೆಳಕಾಗಿ ತಾಸು ಕಳೆದರೆ ಒಂದು ಗಂಟೆ,
ನಡುರಾತ್ರಿಗೆ ಆರು,
ಹನ್ನೆರಡೆಂದರೆ ಇರುಳು ಮುಗಿದು
ಬೆಟ್ಟದಂಚು ಬೂದಿಬಣ್ಣಕ್ಕೆ ತಿರುಗುವ ಸಮಯ.
ಆಪರೇಷನ್ ಕೋಣೆಯ ಗೋಡೆಗೆ ಮಾತ್ರ
ದಾನವಾಗಿ ಬಂದ ಗಡಿಯಾರ,
ಅದಕ್ಕೆ ಪರದೇಶದ ಲೆಕ್ಕ.
ಹನ್ನೊಂದು ವರ್ಷ ಅದರಡಿ ನಿಂತು ನಿಂತು
ನನ್ನ ಕೈಯೂ ಅದರಂತೆಯೇ ಬರೆಯತೊಡಗಿತ್ತು.

ಹಾಗಾಗಿ ಆಕೆ ಹನ್ನೊಂದಕ್ಕೆದ್ದು
– ನನ್ನ ಗೋಡೆಯಲ್ಲಿ ಆಗ ಐದು –
ಹಿಂದಿನ ದಿನದ ಇಂಜೆರಾ ಹರಿದು
ಎಣ್ಣೆ ತೇಲುವ ಶಿರೋದಲ್ಲಿ ಅದ್ದಿ
ಉಂಡಳು, ನಿಧಾನವಾಗಿ.
ಕತ್ತಿಗೆ ಹೋಗುವವಳು ಬರಿಹೊಟ್ಟೆಯಲ್ಲಿ ಹೋಗಬಾರದು
ಅಂದಿದ್ದಳಂತೆ ನೆರೆಮನೆಯ ಯೆಶಿಮೆಬೆತ್.

ಮಂಚದ ಬಳಿ ಕೇಳಿದೆ: ಕೊನೆಯ ತುತ್ತು ಯಾವಾಗ?
ಇಲ್ಲಿ ಬಹಳ ಜನ ಸುಳ್ಳು ಹೇಳುತ್ತಾರೆ.
ಎರಡು ದಿನ ಬಸ್ಸಿನಲ್ಲಿ ಬಂದವರು,
ಹೋರಿ ಮಾರಿ ಬಂದವರು,
ನಾಳೆ ಬಾ ಎಂಬ ಮಾತಿಗೆ ಹೆದರಿ
ತೇಗನ್ನೂ ನುಂಗುತ್ತಾರೆ.
ಮದ್ದು ಏರಿದ ಮೇಲೆ
ಗಂಟಲ ಕಾವಲುಗಾರನೂ ಮಲಗುತ್ತಾನೆ,
ಕದ ತೆರೆದೇ ಇರುತ್ತದೆ,
ಹೊಟ್ಟೆಯದು ಮೇಲೆ ಬಂದು ದಾರಿ ತಪ್ಪಿ
ಉಸಿರಿನ ಮನೆ ಹೊಕ್ಕರೆ –
ಒಬ್ಬ ಹುಡುಗನನ್ನು ನೋಡಿದ್ದೇನೆ. ಒಬ್ಬ ಸಾಕು.

ಆಕೆ ಸುಳ್ಳು ಹೇಳಲಿಲ್ಲ.
"ಹನ್ನೊಂದಕ್ಕೆ. ಹನ್ನೆರಡರೊಳಗೆ ಮುಗಿಸಿದೆ," ಅಂದಳು
ಪರೀಕ್ಷೆ ಪಾಸಾದವಳ ಹಾಗೆ.

ಗೋಡೆ ನೋಡಿದೆ. ಆಮೇಲೆ ಅವಳ ಕೈಗಡಿಯಾರ.
ಎರಡೂ ಸರಿಯಾಗಿಯೇ ನಡೆಯುತ್ತಿದ್ದವು.
ಉಂಡು ಮೂರೇ ತಾಸು. ಬೇಕಿದ್ದದ್ದು ಆರು,
ಎಣ್ಣೆಯ ಊಟಕ್ಕೆ ಎಂಟು.

ಇವತ್ತಿಲ್ಲ, ಅಂದೆ.
ಪಿತ್ತಕೋಶದ ಕಲ್ಲು ಗುರುವಾರದವರೆಗೆ ಇರಲಿ.

ಎದ್ದು ಕೂತಳು:
"ಐವತ್ತೈದು ದಿನದ ದೊಡ್ಡ ಉಪವಾಸ, ಬುಧವಾರ, ಶುಕ್ರವಾರ,
ಮರಿಯಮ್ ತಾಯಿಯ ಹದಿನಾರು ದಿನ,
ಏಳು ವರ್ಷದವಳಿದ್ದಾಗಿನಿಂದ ಹಿಡಿದಿದ್ದೇನೆ.
ನನಗೆ ಕಲಿಸುತ್ತೀಯಾ?
ನಿನ್ನ ಉಪವಾಸ ಯಾವ ದೇವರಿಗೆ?"
ದೇವರಿಗಲ್ಲ ಅಮ್ಮಾ, ಗಂಟಲಿಗೆ.

ಎರಡನೆಯ ಚೀಟಿಯಲ್ಲಿ ಅಂಕಿಯನ್ನು ನಂಬಲಿಲ್ಲ.
ನೆತ್ತಿಯ ಮೇಲೊಂದು ಚಂದ್ರ ಬರೆದೆ,
ಮುಚ್ಚಳ ಹಾಕಿದ ಇಂಜೆರಾ ಬುಟ್ಟಿ ಬರೆದೆ:
ನಿಮ್ಮ ಆರರ ಮೇಲೆ ಇದನ್ನು ತೆರೆಯಬೇಡಿ.
ಅರ್ಧ ಸೂರ್ಯ, ಪಕ್ಕದಲ್ಲಿ ಪುಟ್ಟ ಬಟ್ಟಲು:
ಬೆಳಕು ಹರಿಯುವವರೆಗೆ ನೀರು ಕುಡಿಯಬಹುದು.
ಹಾಲಿಲ್ಲದ ಕಾಫಿಯೂ.

ಅಲ್ಲಿ ಸಿಕ್ಕಿಬಿದ್ದೆ.
"ನೀರು ಕುಡಿದರೆ ಅದೆಂಥ ಉಪವಾಸ!"
ಅರ್ಧ ತಾಸು ವಾದ.
ತಿಳಿಯಾದದ್ದು ಬೇಗ ಇಳಿದುಹೋಗುತ್ತದೆ,
ಒಣಗಿದವರ ನರ ಸೂಜಿಗೆ ಸಿಗುವುದಿಲ್ಲ,
ಬಾಯಾರಿಕೆಗೆ ಪುಣ್ಯ ಬರೆದುಕೊಳ್ಳುವವರು
ಈ ಕಟ್ಟಡದಲ್ಲಿ ಯಾರೂ ಇಲ್ಲ, ಅಂದೆ.
ಕೊನೆಗೆ ಕಾಫಿಗೆ ಒಪ್ಪಿದಳು,
ಅದೂ ಮೂರನೆಯ ಸುತ್ತಿನದು, ಬೆರೆಕಾ, ಹರಸುವ ಬಟ್ಟಲು.
ಮೊದಲೆರಡನ್ನು ಯೆಶಿಮೆಬೆತ್ ಕುಡಿಯಲಿ,
ಉಣ್ಣು ಅಂದವಳು ಅವಳೇ ತಾನೆ.

ಗುರುವಾರ, ಅವಳ ಎರಡು ಗಂಟೆ, ನನ್ನ ಎಂಟು.
ಮಾಸ್ಕ್ ಹಿಡಿದು ಬಾಗಿದರೆ
ಉಸಿರಿನಲ್ಲಿ ಹುರಿದ ಬೀಜದ ನೆನಪು.
ಮೊನ್ನೆಯ ತಪ್ಪು ನನ್ನದು, ಅಂದೆ,
ಹೊಟ್ಟೆಗೆ ಹಾಕಿಕೊಳ್ಳಿ.

ಮಾಸ್ಕಿನೊಳಗೆ ನಗು ಹಬೆಯಾಯಿತು:
"ಹೊಟ್ಟೆಗೆ ಏನೂ ಹಾಕಬೇಡ ಅಂದವನು ನೀನೇ ಅಲ್ಲವೇನೋ?"

ಎಣಿಸಿ, ಅಂದೆ.
ಅಂದ್, ಹುಲೆತ್ –
ಮೂರಕ್ಕೆ ತಲುಪಲಿಲ್ಲ.
ಆ ನಿಶ್ಶಬ್ದದಲ್ಲಿ ಗುರ್ ಅಂದದ್ದು ನನ್ನ ಹೊಟ್ಟೆ.
ನಿನ್ನೆ ಸಂಜೆಯಿಂದ
ನಾನೂ ಉಂಡಿರಲಿಲ್ಲ, ಯಾಕೋ.