ಹೆಸರಿಲ್ಲದ ಕವಲು

ಬೆಳಗಿನ ಜಾವ ಮೂರೂಕಾಲಿಗೆ ಯಂತ್ರ ಕೂಗಿತು:
ಒಂಬತ್ತನೇ ಬಾಟಲಿ.
ಪೆನ್ಷನ್ ಮೊಹಲ್ಲಾದ ಹುಡುಗಿಯ ರಕ್ತದೊಳಗೆ
ಏನೋ ಉಸಿರಾಡತೊಡಗಿದೆ.

ಹಾಸನದಲ್ಲಿ ಚಳಿ. ಆಸ್ಪತ್ರೆಯ ಹಳೇ ಬೋರ್ಡಿನಲ್ಲಿ ಇನ್ನೂ
ವಿಷಮಶೀತ ಜ್ವರ ಎಂದೇ ಇದೆ.
ನಾವು ಟೈಫಾಯ್ಡು ಅನ್ನುತ್ತೇವೆ,
ಹಳ್ಳಿಯವರು, ಬಿಡದ ಜ್ವರ.

ಮಾರನೇ ದಿನ ಕೆಂಪು ತಟ್ಟೆಯ ಮೇಲೆ
ಎಳ್ಳಿನ ತುದಿಯಷ್ಟು ಕಪ್ಪಿಟ್ಟ ಹನಿಗಳು.
ಸಿಪ್ರೊ ಬಿಲ್ಲೆ ಇಟ್ಟೆ.
ಬಿಲ್ಲೆಯ ಅಂಚಿನವರೆಗೂ ಮೇಯುತ್ತ ಬಂದವು,
ಬೇಲಿ ಮುರಿದ ಹೊಲಕ್ಕೆ ನುಗ್ಗಿದ ದನಗಳ ಹಾಗೆ.

ದೊಡ್ಡ ಲ್ಯಾಬಿಗೆ ಕಳಿಸಿದೆ. ಇಪ್ಪತ್ತಾರು ದಿನಕ್ಕೆ
ಓದಿ ಮುಗಿಸಿದರು: ನಲವತ್ತೆಂಟು ಲಕ್ಷ ಅಕ್ಷರ.
ನಾಲ್ಕೇ ಅಕ್ಷರದ ವರ್ಣಮಾಲೆ.
ಒತ್ತಿಲ್ಲ, ದೀರ್ಘವಿಲ್ಲ,
ಪೂರ್ಣವಿರಾಮವಂತೂ ಇಲ್ಲವೇ ಇಲ್ಲ.

ಆ ಹುಡುಗಿಯದಕ್ಕೂ
ಸಂತೇಪೇಟೆಯ ತಗಡಿನಂಗಡಿ ಇದಾಯತ್ ಸಾಬರದಕ್ಕೂ
ಎರಡೇ ಅಕ್ಷರ ವ್ಯತ್ಯಾಸ.
ನರ್ಸಿಂಗ್ ಹಾಸ್ಟೆಲಿನ ಪ್ರಫುಲ್ಲಳದಕ್ಕೆ, ಒಂದು.
ಒಬ್ಬರ ಮುಖ ಒಬ್ಬರು ಕಾಣದ ಮೂವರು
ಹೀಗೆ ದಾಯಾದಿಗಳಾದರು.
ನಮ್ಮಪ್ಪ, ಅವರ ದೊಡ್ಡಪ್ಪನ ಮಗ
ಇಷ್ಟು ಹತ್ತಿರ ಎಂದೂ ಇರಲಿಲ್ಲ.

ಪರದೆಯ ಮೇಲೆ ವಂಶವೃಕ್ಷ.
ಮೂರು ಕೊಂಬೆಗಳು ಹಿಂದಕ್ಕೆ ಸರಿದು
ಒಂದು ಕವಲಲ್ಲಿ ಕೂಡುತ್ತವೆ.
ಅಲ್ಲಿ ನಂಬರಿಲ್ಲ, ವಾರ್ಡಿಲ್ಲ, ವಯಸ್ಸಿಲ್ಲ.
'ಇದ್ಯಾರು ಮೇಡಂ?' ಅಂದ ಕಣ್ಗಾವಲು ಘಟಕದ ನಿಂಗರಾಜು.
'ಗೊತ್ತಿಲ್ಲ. ಇದ್ದಿರಲೇಬೇಕು ಯಾರೋ.
ರಕ್ತ ಕೊಡದವರು.'

ಅವನು ನಲ್ಲಿಗಳ ನಕ್ಷೆ ಬಿಡಿಸಿದ.
ಒಡೆದ ಪೈಪು, ಪಾನಿಪುರಿ ಗಾಡಿ, ಹಾಸ್ಟೆಲಿನ ಸಂಪು,
ಬೆರಳು ಓಡಾಡಿತು.

ನನಗೆ ನೆನಪಾದದ್ದು ಜೂನ್.
ಒಂಬತ್ತು ದಿನ ಜ್ವರ, ರಜೆ ಸಿಗಲಿಲ್ಲ.
ಡ್ರಾಯರಿನಲ್ಲಿದ್ದ ಅಜಿತ್ರೊ ಐದರಲ್ಲಿ ಮೂರು ನುಂಗಿ
ಇಳಿಯಿತಲ್ಲ ಎಂದು ಕೆಲಸಕ್ಕೆ ಬಂದವಳು.
ಆ ವಾರವೇ ಹಾಸ್ಟೆಲಿನಲ್ಲಿ ಬೀಳ್ಕೊಡುಗೆ.
ಚುರುಮುರಿ ಕಲೆಸಿದ್ದು ನಾನೇ, ಬರಿಗೈಲೇ.
ಮೇಡಂ ಕೈರುಚಿ ಅಂತ
ಮತ್ತೆ ಮತ್ತೆ ಹಾಕಿಸಿಕೊಂಡರು.

ಊರವರ ತೋಳಿಗೆಲ್ಲ ಸೂಜಿ ಚುಚ್ಚಿದವಳು
ನನ್ನ ತೋಳು ಚಾಚಿರಲಿಲ್ಲ.

ಆಗಿರಬಹುದು. ಆಗಿರದೆಯೂ ಇರಬಹುದು.
ನಿಂಗರಾಜು ಪೈಪಿನ ಮೇಲೆ
ಕೆಂಪು ಗುರುತು ಹಾಕುತ್ತಿದ್ದಾನೆ.
ನಾನು ಕಪಾಟಿನಿಂದ ಮಲಪರೀಕ್ಷೆಯ ಡಬ್ಬಿಯೊಂದನ್ನು ತೆಗೆದೆ.
ಚೀಟಿಯಲ್ಲಿ ವಯಸ್ಸು ಬರೆದೆ, ವಿಳಾಸ ಬರೆದೆ.
ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ಇಂಕು ಬಿಡಲಿಲ್ಲ.
ಅಂಗೈ ಮೇಲೆ ಗೀಚಿ ನೋಡಿದೆ.