ಹಳದಿ ಮಡ್‌ಗಾರ್ಡಿನ ಪೈಲಟ್ ಹೇಳಿದ್ದು

ಮೊದಲ ಕೊರಳಾಗಿನ ಐದು ಮೂಲಿ ಚುಕ್ಕಿ
ಅಂಗಿಯೊಳಗ ಹಾಕ್ಕೋರಿ ಅಕ್ಕಾರ.
ದೆವ್ವ ಅಂಜತಾವ ಅಂತಲ್ಲ. ಗೋವಾದ ಬಿಸಿಲಿಗೆ
ಕಬ್ಬಿಣ ಕಾದು ಎದಿಗೆ ಚುರ್ ಅಂತೈತಿ.

ಮಾಟ ಎಲ್ಲಿ ನೋಡಾಕ ಸಿಗತೈತಿ ಅಂತ ಕೇಳಬ್ಯಾಡ್ರಿ.
ಅಂಜುನಾದಾಗ ಕೇಳಿದ್ರ ಮಾರತಾರ.
ಕೇಪೆದಾಗ ಕೇಳಿದ್ರ ಚಾ ಕೊಟ್ಟು
ವಾಪಸ್ ಬಸ್ಸಿನ ಟೈಮ್ ಹೇಳತಾರ.

ಉಸಗಾಳಿಮಳಕ್ಕ ಮಳಿಗಾಲದಾಗ ಹೋಗೂದು ಬ್ಯಾಡ.
ಕುಶಾವತಿ ಆವಾಗ ತನ್ನ ಪಾಟಿ ಮುಚ್ಚಿಟ್ಟಿರತಾಳ.
ಚಳಿಗಾಲದಾಗ ಬರ್ರಿ, ಬಿಸಿಲು ಅಡ್ಡ ಬೀಳೂ ಹೊತ್ತಿಗೆ.
ಕೆಂಪು ಕಲ್ಲಿನ ಮ್ಯಾಲ ಬಾಟಲಿ ನೀರು ಸುರದ್ರ
ಗೂಳಿ ಏಳತೈತಿ,
ಹೆರೂ ಹೆಣ್ಣು ಏಳತಾಳ,
ಆಮ್ಯಾಲ ಒಂದು ಸುರುಳಿ. ಒಳಗ ಹೋಗಾಕ ದಾರಿ ಐತಿ,
ಹೊರಗ ಬರೂದರ ಬಗ್ಗೆ ಕೊರದವ ಏನೂ ಹೇಳಿಲ್ಲ.
ದನ ಕಾಯೂ ಹುಡುಗೂರು ಗೀಚಿದ್ದು ಅಂತಿದ್ರಂತ ಊರವರು.
ಸಾವಿರಾರು ವರ್ಷದ್ದು ಅಂತಾರ ಓದಿದವರು.
ನನಗ ಎರಡೂ ಖರೇ ಅನಸತೈತಿ.
ಆವಾಗೂ ಯಾರರ ದನ ಕಾಯ್ತಿದ್ದರಲ್ಲ.
ಸುರಿದ ನೀರು ಆರೂತನ ನಿಲ್ರಿ. ಫೋಟೋ ಆಮ್ಯಾಲ.

ಸಾತೇರಿ ಗುಡ್ಯಾಗ ಮುಖ ಹುಡುಕಬ್ಯಾಡ್ರಿ.
ಒಳಗ ಇರೂದು ಹುತ್ತ. ಕೊಂಕಣ್ಯಾಗ ರೋಯ್ಣ ಅಂತಾರ.
ನಮ್ಮೂರು ರೋಣ. ಮೊದಲನೇ ಸಲ ಕೇಳಿದಾಗ
ಯಾರೋ ಊರಿನಿಂದ ಕರದಂಗಾತು.
ಶೆವಂತಿ ವೇಳಿಪ ಅಂತ ಮುದುಕಿ, ಹಲ್ಲಿಲ್ಲ, ಹೇಳಿದ್ಲು:
“ಉಳಿದ ದೇವರನ್ನ ಶಿಲ್ಪಿ ಕಡದು ಮುಗಿಸ್ಯಾನ.
ಇಕಿನ್ನ ಗೆದ್ದಲ ಇನ್ನೂ ಕಟ್ಟಾಕತ್ತಾವ.”

ಬೇತಾಳಗ ಹೂ ಬ್ಯಾಡ, ಚಪ್ಪಲಿ ಒಯ್ರಿ.
ರಾತ್ರಿ ಊರು ಸುತ್ತಿ ಸವಸತಾನ.
ನಾ ಒಂದು ಜೋಡು ಎತ್ತಿ ನೋಡೇನಿ, ಎಡ ಹಿಮ್ಮಡ ತಳಾನ ಇರಲಿಲ್ಲ.
ಪಣಜಿಯೊಳಗ ಗಾರೆ ಹೊತ್ತ ನಮ್ಮಪ್ಪಂದೂ
ಹಂಗ ಸವೀತಿತ್ತು, ಅದ ಕಡೆ.

ಗದ್ದಿ ಬದುವಿನ ದೇವಚಾರಗ
ಒಂದು ರೊಟ್ಟಿ, ಒಂದು ಬೀಡಿ, ಮುಚ್ಚಳದಷ್ಟು ಫೆನ್ನಿ.
ಬಾರ್ ಮುಚ್ಚಿದ ಮ್ಯಾಲ ಕಾಯ್ತಾನ್ ತಾನ ಹೋಗಿ ಸುರದು ಬರ್ತಾನ.
ಐತವಾರ ಇಗರ್ಜಿಯಾಗ ಮೊದಲನೇ ಬೆಂಚು ಅವಂದು.
ಎರಡೂ ಕಡೆ ಖಾತೆ ಏನೋ ಅಂದೆ.
“ಆತ್ಮಾ ಪಾದ್ರಿ ನೋಡ್ಕೋತಾನ,
ಉಪ್ಪು ನೀರು ಬದು ಒಡದು ಭತ್ತಕ್ಕ ನುಗ್ಗಿದ್ರ
ಪಾದ್ರಿ ಏನ್ ಮಾಡ್ಯಾನು? ಅದನ್ನ ಇಂವ ಕಾಯಬೇಕು.”
ಕಾಯ್ತಾನ್ ಅಂದ್ರ ನಮ್ಮ ಮಾತಿನ್ಯಾಗ ಏನಂತ
ಅವಗಿನ್ನೂ ನಾ ಹೇಳಿಲ್ಲ.

ಹಳೇ ಗೋವಾದಾಗ ಎಲ್ಲಾರೂ ಇಗರ್ಜಿ ನೋಡತಾರ.
ನೀವು ಪಕ್ಕದ ಬಯಲು ನೋಡ್ರಿ.
ವಿಚಾರಣಿ ಅರಮನಿ ಇದ್ದದ್ದು ಅಲ್ಲೇ ಅಂತ.
ಮಂತ್ರ ಹಾಕಿದವರನ್ನ, ಹಾಕಿದ್ರು ಅಂತ ನೆರಮನಿಯಾಕಿ ಹೇಳಿದವರನ್ನ,
ಹಳೇ ದೇವರಿಗೆ ಮನಿಯೊಳಗ ದೀಪ ಹಚ್ಚಿದವರನ್ನ.
ಈಗ ಹುಲ್ಲು. ನಾಯಿ ಮಲಗಿರತಾವ.
ಆ ಏನೂ ಇಲ್ಲದ್ದಕ್ಕ ಟಿಕೀಟಿಲ್ಲ.

ಝುವಾರಿ ಸೇತುವಿ ಮ್ಯಾಲ ಗಾಡಿ ನಿಧಾನ ಮಾಡತೀನಿ, ಬಯ್ಯಬ್ಯಾಡ್ರಿ.
ಕೆಳಗ ಇಲ್ಲೇ ಎಲ್ಲೋ ದೇವರು ದೋಣಿ ಹತ್ತಿದ್ರು,
ಗುಡಿ ಒಡಿಯೂದರೊಳಗ, ಕತ್ತಲಾಗ,
ಮಕ್ಕಳ ಬಾಯಿ ಮುಚ್ಚಿಕೊಂಡ ಜನರ ಜೋಡಿ.
ಆ ದಂಡಿಗೆ ಅವರಿಗೆ ಈಗ ಬೆಳ್ಳಿ ಬಾಗಿಲ ಅದಾವ.

ಇಳದು ವಾಸ್ಕೋ ಕಡೆ ತಿರುಗಿದ್ರ ತಗಡಿನ ಓಣಿ.
ನಿಮ್ಮ ಪಟ್ಟಿಯಾಗ ಇರಲಿಕ್ಕಿಲ್ಲ.
ನಮ್ಮವ್ವ ಎಲ್ಲಮ್ಮನ್ನ ರೋಣದಿಂದ
ಹಿಟ್ಟಿನ ಡಬ್ಬ್ಯಾಗ ಹಾಕ್ಕೊಂಡು ತಂದಳು, ಲಾರಿ ಮ್ಯಾಲ.
ಬುಲ್ಡೋಜರ್ ಎರಡು ಸಲ ಬಂತು.
ಎರಡೂ ಸಲ ಗ್ಯಾಸ್ ಸಿಲಿಂಡರ್ ಬಿಟ್ಟು ಡಬ್ಬಿ ಹೊತ್ತಳು.
ಹೊಳಿ ದಾಟಿದ ದೇವರಿಗೆ ದಾರಿ ತೋರಸೂ ಬೋರ್ಡ್ ಐತಿ,
ಗಡಿ ದಾಟಿದ ಇಕಿಗೆ ನಗರಸಭೆ ನೋಟೀಸ್.
ಬಂದ್ರ ಚಾ ಕುಡಿಸತಾಳ. ಡಬ್ಬಿ ಮುಟ್ಟಬ್ಯಾಡ್ರಿ,
ಬಿಳಿ ಅಂಗಿಗೆ ಭಂಡಾರ ಹತ್ತಿದ್ರ ಹೋಗೂದಿಲ್ಲ.

ಬಾಡಿಗಿ ಹೇಳಿದಷ್ಟ. ಹೆಲ್ಮೆಟ್ ಹಾಕ್ಕೋರಿ.
ಸಂಜೀಕ ಬದುವಿನ ಹಾದ್ಯಾಗ ಹಿಂದಿನಿಂದ
ಯಾರರ ಬೀಡಿ ಕೇಳಿದ್ರ
ಹೊಳ್ಳಿ ನೋಡಲಾರದ ಕೊಡ್ರಿ.
ಬೆಂಕಿಪೊಟ್ಟಣ ಅವನ ಕಡೆ ಇರತೈತಿ.