ಸೀಟಿ ಯಾರ ಹತ್ತಿರ?

ಗೋಣಿಕೊಪ್ಪದ ಒಳಾಂಗಣ.
ಇಲ್ಲಿ ಗಾಳಿಯ ಮೇಲೆ ತಪ್ಪು ಹೊರಿಸುವಂತಿಲ್ಲ.
ತಟ್ಟೆ ಜಾರಿದರೆ
ಜಾರಿದ್ದು ನನ್ನ ಮಣಿಕಟ್ಟೇ.

ಹಾಕಿಗೆ ಅಂಪೈರಾಗಿದ್ದ ಅಪ್ಪ
ಗ್ಯಾಲರಿಯಿಂದ ಕೇಳುತ್ತಾನೆ:
"ಸೀಟಿ ಯಾರ ಹತ್ತಿರ?"
ಯಾರ ಹತ್ತಿರವೂ ಇಲ್ಲ, ಅಪ್ಪ.

ಆರು-ಆರು. ಕೊನೆಯ ನಿಮಿಷ.
ಚೋಂದವ್ವ ಎಸೆದದ್ದು
ಬ್ಯಾಡ್ಮಿಂಟನ್ ಗೆರೆಗಳ ಮೇಲೆ ಬಾಗಿ ಬಾಗಿ ಬಂತು.
ಬೆನ್ನಿಗೇ ಸಿದ್ದಾಪುರದ ಸಫೂರಾ.
ಹಾರಿದೆ. ಮೊಣಕೈ ತರಚಿತು.
ಹಿಡಿದೆ!

ನಮ್ಮವರ ಕೂಗಿನ ನಡುವೆ
ಸಫೂರಾ ಕೇಳಿದ್ದು ಒಂದೇ:
"ನೆಲ ಮುಟ್ಟಿತಾ?"

ಕಿರುಬೆರಳಿಗೆ ಗೊತ್ತಿತ್ತು.

"ಮುಟ್ಟಿತು" ಅಂದೆ.

ಸೋತೆವು ಅಂತ ಬೇರೆ ಹೇಳಬೇಕೆ?
ಜೀಪಿನಲ್ಲಿ ಚೋಂದವ್ವ ಮಾತಾಡಲಿಲ್ಲ.
ಪೊನ್ನಂಪೇಟೆ ದಾಟಿದ ಮೇಲೆ ಅಪ್ಪ,
"ನಾನಾಗಿದ್ದರೆ ಊದುತ್ತಿರಲಿಲ್ಲ" ಅಂದ.
ಆಮೇಲೆ, ಕಿಟಕಿಯತ್ತ ತಿರುಗಿ:
"ನನಗೆ ಕಾಣಲಿಲ್ಲ."